ಗ್ಯಾರೇಜಿನ ಬಿಸಿಲಲ್ಲಿ ಮೂರು ಕೆಗ್ ಲಾಗರ್

ಜುಲೈ ತಿಂಗಳ ಒಂದು ಶನಿವಾರ, ಮಧ್ಯಾಹ್ನ 12 ಗಂಟೆ. ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸ್ ಹತ್ತಿರದ ನಮ್ಮ ಮನೆಯ ಗ್ಯಾರೇಜಿನೊಳಗೆ 39 ಡಿಗ್ರಿ. ಫ್ರೀಜರಿನ ಮುಚ್ಚಳ ಎತ್ತಿ ನಡುವಿನ ಕೆಗ್ಗಿನ, ಅಂದರೆ ಬಿಯರ್ ತುಂಬಿದ ಸ್ಟೀಲ್ ಪೀಪಾಯಿಯ, ಮೇಲೆ ಕೈ ಇಟ್ಟೆ. ತಣ್ಣಗೇನೋ ಇತ್ತು. ಆದರೆ ಅಂಗೈ ಚುರುಗುಟ್ಟುವ ತಂಪು ಇರಲಿಲ್ಲ. ಥರ್ಮಾಮೀಟರಿನ ತುದಿಯನ್ನು ಕೆಗ್ಗಿನ ಮೈಗೆ ಒತ್ತಿ, ಮೇಲೆ ಬಟ್ಟೆ ಮಡಚಿಟ್ಟು ಐದು ನಿಮಿಷ ಕಾದೆ. 11.4 ಡಿಗ್ರಿ. ಇರಬೇಕಾದದ್ದು 3.

"ರಾತ್ರಿಯಿಂದ ಗ್ಯಾರೇಜಲ್ಲಿ ಟಕ್ ಟಕ್ ಅಂತ ಸದ್ದು ಬರ್ತಾ ಇತ್ತು ಕಣೇ, ಹೊರಗಡೆಯದು ಇರಬೇಕು ಅಂದ್ಕೊಂಡೆ" ಅಂದರು ನನ್ನ ಗಂಡ.

ನಾನೂ ಕಿವಿಗೊಟ್ಟು ಕೇಳಿದೆ. ಕಂಪ್ರೆಸರ್ ಹತ್ತು ಸೆಕೆಂಡ್ ಗುಂಯ್ ಅನ್ನುತ್ತದೆ. ಆಮೇಲೆ ಟಕ್. ಸುಮ್ಮನಾಗುತ್ತದೆ. ಕೆಲವು ನಿಮಿಷ ಬಿಟ್ಟು ಮತ್ತೆ ಗುಂಯ್, ಮತ್ತೆ ಟಕ್. ಹಿಂದಿನ ರಾತ್ರಿ 10 ಗಂಟೆಗೆ ನೋಡಿದಾಗ ಎಲ್ಲ ಸರಿಯಿತ್ತು. ಅಂದರೆ 14 ಗಂಟೆಯಲ್ಲಿ ಎಂಟು ಡಿಗ್ರಿ ಏರಿದೆ.

ಒಳಗೆ ಮೂರು ಕೆಗ್ ಇದ್ದವು, ಒಂದೊಂದರಲ್ಲೂ 19 ಲೀಟರ್ ಲಾಗರ್, ಅಂದರೆ ತಂಪಿನಲ್ಲಿ ಹುದುಗಿ ಮಾಗುವ ಬಿಯರ್. ಒಂದು ಮಾರ್ಚಿನಲ್ಲಿ ಮಾಡಿದ ಮ್ಯೂನಿಕ್ ಹೆಲ್ಲೆಸ್ ಎಂಬ ತಿಳಿ ಬಣ್ಣದ ಲಾಗರ್. ಇನ್ನೊಂದು ಏಪ್ರಿಲ್ಲಿನ ಪಿಲ್ಸ್‌ನರ್, ಅದೂ ಲಾಗರೇ. ಮೂರನೆಯದು ಇನ್ನೂ ಮಾಗುತ್ತಿದ್ದ ಹೆಲ್ಲೆಸ್, ತಂಪಿಗೆ ಇಟ್ಟು ಮೂರೇ ವಾರ ಆಗಿತ್ತು. ಇಷ್ಟನ್ನೂ ಮನೆಯಲ್ಲೇ ಮಾಡಿದ್ದು. ಅಮೆರಿಕದಲ್ಲಿ 1979ರಿಂದ ಇದಕ್ಕೆ ಕೇಂದ್ರ ಕಾನೂನಿನ ಒಪ್ಪಿಗೆ ಇದೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ವರೆಗೆ ಮಾಡಬಹುದು. ಮಾರುವಂತಿಲ್ಲ. ಊರಿನ ಗೆಳತಿಯರು ಕೇಳುತ್ತಿರುತ್ತಾರೆ, ಅವರಿಗೆ ಹೇಳುವುದು ಒಂದೇ: ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ, ಅಲ್ಲಿ ಮಾಡಬೇಡಿ.

ಲಾಗರ್ ಮಾಡಿದವರಿಗೆ ಗೊತ್ತು, ಅದು ಎಷ್ಟು ತಾಳ್ಮೆ ಕೇಳುತ್ತದೆ ಅಂತ. ನಾನು ಬಳಸುವ ಯೀಸ್ಟ್ ಡಬ್ಲ್ಯು-34/70. ಅದನ್ನು 11 ಡಿಗ್ರಿಯಲ್ಲಿ ಹುದುಗಲು ಬಿಡುತ್ತೇನೆ. ಹುದುಗು ಮುಗಿಯುವ ಹೊತ್ತಿಗೆ ಮೂರು ದಿನ 17 ಡಿಗ್ರಿಗೆ ಏರಿಸುತ್ತೇನೆ. ಆಗ ಯೀಸ್ಟ್ ತಾನೇ ಬಿಟ್ಟ ಡಯಾಸಿಟೈಲ್ ಎಂಬ ಬೆಣ್ಣೆ ವಾಸನೆಯ ವಸ್ತುವನ್ನು ತಾನೇ ಮತ್ತೆ ತಿಂದು ಮುಗಿಸುತ್ತದೆ. ಆಮೇಲೆ ಕೆಗ್ಗಿಗೆ ತುಂಬಿ ವಾರಗಟ್ಟಲೆ ತಂಪಿನಲ್ಲಿ ಇಡಬೇಕು. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ನಿಧಾನಕ್ಕೆ ಹೋಗುತ್ತದೆ. ಯೀಸ್ಟೂ ಮಂಜು ಕವಿಸುವ ಪ್ರೋಟೀನೂ ತಳ ಸೇರುತ್ತವೆ. ದೋಸೆ ಹಿಟ್ಟು ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತದೆ, ಫ್ರಿಜ್ಜಿಗಿಟ್ಟರೆ ನಿಲ್ಲುತ್ತದೆ ಅಲ್ವಾ? ಲಾಗರ್ ಹಾಗೆ ನಿಲ್ಲುವುದಿಲ್ಲ, ತಂಪಿನಲ್ಲೇ ತನ್ನ ಕೊನೆಯ ಕೆಲಸ ಮಾಡುತ್ತದೆ.

ಆ ಹೆಸರೇ ಅದನ್ನು ಹೇಳುತ್ತದೆ. ಜರ್ಮನ್ ಭಾಷೆಯಲ್ಲಿ ಲಾಗರ್ ಅಂದರೆ ದಾಸ್ತಾನು, ಕೂಡಿಡುವ ಜಾಗ. ನನಗೆ ಆ ಪದ ಕೇಳಿದಾಗಲೆಲ್ಲ ತುಮಕೂರಿನ ಕಡೆಯ ಹಗೇವು ನೆನಪಾಗುತ್ತದೆ. ನೆಲ ಅಗೆದು, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ನೆಲದೊಳಗಿನ ತಂಪು, ಗಾಳಿಯಾಡದ ಜಾಗ, ವರ್ಷಗಟ್ಟಲೆ ಕೆಡದ ರಾಗಿ. ಬವೇರಿಯಾದವರೂ ಬಿಯರನ್ನು ನೆಲಮಾಳಿಗೆಯಲ್ಲೇ ಇಡುತ್ತಿದ್ದರು. ಬೇಸಿಗೆಯ ಬಿಯರ್ ಕೆಡುತ್ತಿದ್ದುದರಿಂದ 1553ರಲ್ಲಿ ಅಲ್ಲಿನ ದೊರೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಬೇಯಿಸುವುದನ್ನೇ ನಿಲ್ಲಿಸಿದ. ಚಳಿಗಾಲದಲ್ಲಿ ಕೆರೆಗಳಿಂದ ಐಸು ಕಡಿದು ತಂದು ಮಾಳಿಗೆಗೆ ತುಂಬುತ್ತಿದ್ದರು. ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಡುತ್ತಿದ್ದರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತಂಪು ಮಾಡುವ ಯಂತ್ರ ಕಟ್ಟಿದಾಗ ಅದನ್ನು ಮೊದಮೊದಲು ಹಾಕಿಸಿಕೊಂಡವರಲ್ಲಿ ಮ್ಯೂನಿಕ್ಕಿನ ಸ್ಪಾಟೆನ್ ಬ್ರುವರಿಯೂ ಇತ್ತು. ನನ್ನ ಗ್ಯಾರೇಜಿನ ಕಂಪ್ರೆಸರ್ ಅದೇ ವಂಶದ್ದು. ಅದು ನಿಂತರೆ ನನಗೂ ಉಳಿಯುವುದು ಐಸು ಮಾತ್ರ.

ಹಾಗಾಗಿ ಮೊದಲು ಮಾಡಿದ ಕೆಲಸ ರಿಪೇರಿ ಅಲ್ಲ, ಐಸು ತಂದದ್ದು. ಇಲ್ಲಿ ಒಂದು ಲೆಕ್ಕ ತುಂಬಾ ಉಪಯೋಗಕ್ಕೆ ಬಂತು. ಒಂದು ಕೆಜಿ ಐಸು ಕರಗಲು ಸುಮಾರು 334 ಕಿಲೋಜೂಲ್ ಶಾಖ ಹೀರುತ್ತದೆ. 19 ಲೀಟರ್ ಬಿಯರನ್ನು ಒಂದು ಡಿಗ್ರಿ ಇಳಿಸಲು ಸುಮಾರು 80 ಕಿಲೋಜೂಲ್ ತೆಗೆಯಬೇಕು. ಅಂದರೆ ಒಂದು ಕೆಜಿ ಐಸಿಗೆ ಒಂದು ಕೆಗ್ಗು ನಾಲ್ಕು ಡಿಗ್ರಿ ಇಳಿಯುತ್ತದೆ. ಮೂರು ಕೆಗ್ಗನ್ನೂ 5 ಡಿಗ್ರಿಗೆ ತರಲು ಐದು ಕೆಜಿ ಸಾಕು. ಆದರೆ ಹೊರಗಿನ ಬಿಸಿ ಒಳಗೆ ನುಗ್ಗುತ್ತಲೇ ಇರುತ್ತದೆ. ರಾತ್ರಿಯಿಡೀ ಎಷ್ಟು ಏರಿತು ಅನ್ನುವುದರಿಂದ ಲೆಕ್ಕ ಹಾಕಿದರೆ ಅದು ಹತ್ತಿರ ಹತ್ತಿರ 40ರಿಂದ 50 ವಾಟ್. ಅದನ್ನು ತಡೆಯಲು ದಿನಕ್ಕೆ 13 ಕೆಜಿ ಐಸು ಬೇಕು. ಶನಿವಾರ 9 ಕೆಜಿಯ ಮೂರು ಚೀಲ ತಂದೆ. ಭಾನುವಾರ ಇನ್ನೆರಡು. ಚೀಲ ತೂತಾಗದಂತೆ ಎರಡೆರಡು ಕವರ್ ಹಾಕಿ, ಕೆಗ್ಗುಗಳ ಹೆಗಲ ಮೇಲೆ ಮತ್ತು ಸಂದಿಗಳಲ್ಲಿ ಇಟ್ಟೆ. ತಂಪು ಕೆಳಗೆ ಇಳಿಯುವುದರಿಂದ ಐಸು ಮೇಲೇ ಇರಬೇಕು. ಸಂಜೆ ಹೊತ್ತಿಗೆ 5 ಡಿಗ್ರಿಗೆ ಬಂತು. ಸೋಮವಾರದವರೆಗೂ 4 ಮತ್ತು 5ರ ನಡುವೆ ನಿಂತಿತು.

ನಮ್ಮಣ್ಣನಿಗೆ ತುಮಕೂರಿನಲ್ಲಿ ಫ್ರಿಜ್ ರಿಪೇರಿ ಅಂಗಡಿ ಇದೆ. ಶನಿವಾರ ರಾತ್ರಿ, ಅಲ್ಲಿಗೆ ಭಾನುವಾರ ಬೆಳಿಗ್ಗೆ, ವಿಡಿಯೋ ಕಾಲ್ ಮಾಡಿದೆ. ಅಣ್ಣ ಬಿಯರ್ ಮುಟ್ಟಿದವನೇ ಅಲ್ಲ. ಆದರೆ ಕಂಪ್ರೆಸರ್ ಸದ್ದು ಕೇಳಿದರೆ ರೋಗ ಹೇಳುತ್ತಾನೆ. ಫೋನನ್ನು ಹಿಂಭಾಗದ ಜಾಲರಿ ಹತ್ತಿರ ಹಿಡಿದೆ.

"ಗುಂಯ್ ಅಂದು ಬಿಡ್ತಾ ಇದೆ ಅಂದ್ರೆ ಎದ್ದು ಓಡೋಕೆ ಆಗ್ತಿಲ್ಲ ಅಂತ. ಪ್ಲಗ್ ಕಿತ್ತು ಹಾಕು ಮೊದ್ಲು. ಪಕ್ಕದಲ್ಲಿ ಕೆಪ್ಯಾಸಿಟರ್ ಇದ್ಯಾ? ಇದ್ರೆ ಅದರ ತಂಟೆಗೆ ಹೋಗ್ಬೇಡ."

ಕೆಪ್ಯಾಸಿಟರ್ ಇರಲಿಲ್ಲ. ಕಂಪ್ರೆಸರಿನ ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಮುಚ್ಚಳ. ಅದರೊಳಗೆ ಕಂಪ್ರೆಸರನ್ನು ಶುರು ಮಾಡಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ರಿಲೇ, ಜೊತೆಗೆ ಬಿಸಿ ಮೀರಿದರೆ ಕರೆಂಟ್ ಕಡಿಯುವ ಓವರ್‌ಲೋಡ್. ರಿಲೇಯನ್ನು ಮೆಲ್ಲಗೆ ಎಳೆದು ತೆಗೆದೆ.

"ಕಿವಿ ಹತ್ರ ಇಟ್ಕೊಂಡು ಅಲ್ಲಾಡ್ಸು."

ಗಿಲಕಿ ಥರ ಸದ್ದು ಬಂತು. ಅಣ್ಣ ಆ ಕಡೆಯಿಂದಲೇ ಕೇಳಿಸಿಕೊಂಡ. "ಒಳಗಿನ ಬಿಲ್ಲೆ ಒಡೆದಿದೆ ಕಣಮ್ಮ. ಆದ್ರೂ ಕಂಪ್ರೆಸರ್ ಒಂದ್ಸಲ ಅಳ್ದು ನೋಡೋಣ. ಮೂರು ಪಿನ್ ಇದಾವಲ್ಲ, ಎರಡೆರಡಕ್ಕೆ ಮೀಟರ್ ಇಡು. ಸಣ್ಣ ನಂಬರು ಎರಡೂ ಕೂಡಿದ್ರೆ ದೊಡ್ಡದಕ್ಕೆ ಸಮ ಬರ್ಬೇಕು."

ಮೀಟರಿನಲ್ಲಿ 6, 9, 15 ಓಮ್ ಬಂತು. ಪಿನ್ನಿಂದ ಕಂಪ್ರೆಸರಿನ ಕಬ್ಬಿಣದ ಮೈಗೆ ಇಟ್ಟಾಗ ಏನೂ ತೋರಿಸಲಿಲ್ಲ. ಮೋಟಾರಿನೊಳಗಿನ ತಂತಿ ಸುರುಳಿ ಸುಟ್ಟಿಲ್ಲ, ಮೈಗೆ ಕರೆಂಟ್ ಸೋರುತ್ತಿಲ್ಲ. ಅಂದರೆ ಕಂಪ್ರೆಸರ್ ಚೆನ್ನಾಗಿದೆ. ನನಗೆ ಎದೆಯ ಭಾರ ಇಳಿಯಿತು.

ಆ ಬಿಲ್ಲೆಯ ಕೆಲಸ ಇಷ್ಟು. ಕಂಪ್ರೆಸರ್ ಶುರುವಾಗುವ ಆ ಒಂದು ಕ್ಷಣಕ್ಕೆ ಸ್ಟಾರ್ಟ್ ಸುರುಳಿಗೆ ಕರೆಂಟ್ ಬಿಡಬೇಕು. ಬಿಟ್ಟ ಕೂಡಲೇ ಬಿಲ್ಲೆ ಬಿಸಿಯಾಗುತ್ತದೆ, ಅದರ ತಡೆ ಏರಿ ತಾನೇ ಕರೆಂಟ್ ನಿಲ್ಲಿಸುತ್ತದೆ. ಮುಂದಿನ ಸಲ ಶುರು ಮಾಡಬೇಕಾದರೆ ಅದು ಮತ್ತೆ ತಣ್ಣಗಾಗಿರಬೇಕು. ಅದಕ್ಕೆ ಕೆಲವು ನಿಮಿಷ ಬೇಕು. ಅಷ್ಟೇ ಹೊತ್ತು ಪೈಪುಗಳೊಳಗಿನ ಗ್ಯಾಸಿನ ಒತ್ತಡ ಸರಿಸಮ ಆಗಲೂ ಬೇಕು. ಅದಕ್ಕೆ ಮೊದಲೇ ಎಬ್ಬಿಸಿದರೆ ಮೋಟಾರು ಒತ್ತಡದ ಎದುರು ತಿರುಗಲಾರದೆ ನಿಂತಲ್ಲೇ ಬಿಸಿಯಾಗುತ್ತದೆ.

"ಗಂಟೆಗೆ ಎಷ್ಟು ಸಲ ಆನ್ ಆಗ್ತಿತ್ತು ಇದು?" ಅಂತ ಕೇಳಿದ ಅಣ್ಣ.

ಉತ್ತರ ನನ್ನ ಹತ್ತಿರ ಇತ್ತು. ಪ್ಲಗ್ಗಿಗೆ ಹಾಕಿದ ವಿದ್ಯುತ್ ಮೀಟರ್ ಪ್ರತಿ ನಿಮಿಷದ ಲೆಕ್ಕ ಬರೆದಿಡುತ್ತದೆ. ತೆಗೆದು ನೋಡಿದೆ. ಜೂನ್ 20ರವರೆಗೆ ಎರಡು ಗಂಟೆಗೆ ಒಂದು ಸಲ. ಆಮೇಲೆ ಗಂಟೆಗೆ ಆರು ಸಲ. ಜೂನ್ 20ರಂದು ನಾನು ಮೂರನೇ ಕೆಗ್ಗನ್ನು ಒಳಗಿಟ್ಟಿದ್ದೆ.

ಇದು ಅರ್ಥವಾಗಬೇಕಾದರೆ ಡಬ್ಬಿ ಹೇಗಿದೆ ಅಂತ ಹೇಳಬೇಕು. ಇದು 2020ರ ಅಕ್ಟೋಬರಿನಲ್ಲಿ ಕಟ್ಟಿದ್ದು. 7 ಘನ ಅಡಿಯ ಚೆಸ್ಟ್ ಫ್ರೀಜರ್, ಹತ್ತಿರ ಹತ್ತಿರ 200 ಲೀಟರ್. ಮುಚ್ಚಳ ಬಿಚ್ಚಿ, ಪೆಟ್ಟಿಗೆಯ ಬಾಯಿಗೆ ಮರದ ಚೌಕಟ್ಟು ಕೂರಿಸಿ, ಅದರ ಮೇಲೆ ಮುಚ್ಚಳ ಮತ್ತೆ ಹಾಕಿದ್ದೇನೆ. ನಲ್ಲಿಗಳು ಚೌಕಟ್ಟಿನ ಮೂಲಕ ಹೊರಬರುತ್ತವೆ. ಫ್ರೀಜರಿನ ಗೋಡೆಗೆ ಮಾತ್ರ ಯಾವತ್ತೂ ಡ್ರಿಲ್ ಹಾಕಬಾರದು. ತಂಪು ಮಾಡುವ ಗ್ಯಾಸಿನ ಕೊಳವೆ ಆ ಗೋಡೆಯೊಳಗೇ ಸುತ್ತಿಕೊಂಡಿರುತ್ತದೆ. ಹೊಸ ಫ್ರೀಜರುಗಳಲ್ಲಿ ಅದು ಆರ್-600ಎ, ಅಂದರೆ ಐಸೊಬ್ಯುಟೇನ್. ಬೆಂಕಿ ಹತ್ತುವ ಗ್ಯಾಸ್. ಕೆಗ್ಗುಗಳು ಹಳೇ ಸೋಡಾ ಕೆಗ್ಗುಗಳು, ತಂಪು ಪಾನೀಯದ ಕಂಪನಿಗಳು ಒಂದು ಕಾಲಕ್ಕೆ ಹೋಟೆಲುಗಳಿಗೆ ಕೊಡುತ್ತಿದ್ದವು. ಎತ್ತರ, ಸಪೂರ, ಸ್ಟೀಲಿನವು.

ಫ್ರೀಜರ್ ತಾನಾಗಿ ಬಿಟ್ಟರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋಗುತ್ತದೆ. ಅದಕ್ಕೇ ಪ್ಲಗ್ಗಿಗೂ ಗೋಡೆಗೂ ನಡುವೆ ಒಂದು ಕಂಟ್ರೋಲರ್. ಅದರ ಸೆನ್ಸರ್ ಹೇಳಿದ ಹಾಗೆ ಅದು ಕರೆಂಟ್ ಕೊಡುತ್ತದೆ, ತೆಗೆಯುತ್ತದೆ. ಹಾಗಾಗಿ ಸೆನ್ಸರ್ ಎಲ್ಲಿದೆ ಅನ್ನುವುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ನನ್ನ ಸೆನ್ಸರನ್ನು ಮೊದಲ ಕೆಗ್ಗಿನ ಮೈಗೆ ಟೇಪು ಹಾಕಿ ಅಂಟಿಸಿದ್ದೆ. ಜೂನ್ 20ರಂದು ಕೆಗ್ಗು ಸರಿಸುವಾಗ ಟೇಪು ಕಿತ್ತು ಬಂದಿದೆ. ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ಅದರ ಜೊತೆಗೆ ಆ ವಾರವೇ ಇನ್ನೊಂದು ತಪ್ಪು ಮಾಡಿದ್ದೆ. ಬಿಯರ್ ಒಂದೇ ಸಮ ಇರಲಿ ಅಂತ ಕಂಟ್ರೋಲರಿನಲ್ಲಿ, ಕಂಪ್ರೆಸರ್ ನಿಲ್ಲುವ ಮತ್ತು ಎದ್ದೇಳುವ ಡಿಗ್ರಿಗಳ ನಡುವಿನ ಅಂತರವನ್ನು 1 ಡಿಗ್ರಿಯಿಂದ 0.3ಕ್ಕೆ ಇಳಿಸಿದ್ದೆ. ಕಂಪ್ರೆಸರ್ ನಿಂತ ಮೇಲೆ ಕಾಯಬೇಕಾದ ಹೊತ್ತನ್ನು 10 ನಿಮಿಷದಿಂದ 1 ನಿಮಿಷಕ್ಕೆ ಇಳಿಸಿದ್ದೆ. ಗಾಳಿ ತೀರಾ ಹಗುರ, ಅದು ಕ್ಷಣದಲ್ಲಿ ತಣ್ಣಗಾಗಿ ಕ್ಷಣದಲ್ಲಿ ಬಿಸಿಯಾಗುತ್ತದೆ. ಕಂಪ್ರೆಸರ್ ಮೂರು ನಿಮಿಷ ಓಡಿತು, ನಿಂತಿತು, ಮತ್ತೆ ಎದ್ದಿತು. ದಿನಕ್ಕೆ 140ಕ್ಕೂ ಜಾಸ್ತಿ ಸಲ. ಮೂರು ವಾರ ಹೀಗೆ ನಡೆದು ಬಿಲ್ಲೆ ಒಡೆಯಿತು.

ನನಗೆ ಬೇಕಾದದ್ದು ಬಿಯರಿನ ತಂಪು. ನಾನು ಅಳೆಯುತ್ತಿದ್ದುದು ಗಾಳಿಯ ತಂಪು. ಗಾಳಿ 0.3 ಡಿಗ್ರಿ ಆಡಿದರೂ 4 ಡಿಗ್ರಿ ಆಡಿದರೂ 57 ಲೀಟರ್ ಬಿಯರಿಗೆ ಅದು ಗೊತ್ತೂ ಆಗುವುದಿಲ್ಲ.

ಸೋಮವಾರ ಬಿಡಿಭಾಗಗಳ ಅಂಗಡಿ ತೆರೆಯಿತು. ಕಂಪ್ರೆಸರಿನ ಮೇಲಿನ ನಂಬರು ತೋರಿಸಿ ರಿಲೇ ಮತ್ತು ಓವರ್‌ಲೋಡ್ ಜೋಡಿ ತಂದೆ, 15 ಡಾಲರ್. ಹಾಕಲು ಹತ್ತು ನಿಮಿಷ ಹಿಡಿಯಿತು. ಪ್ಲಗ್ ಹಾಕಿದ ಕೂಡಲೇ ಕಂಪ್ರೆಸರ್ ಒಂದೇ ಉಸಿರಿಗೆ ಎದ್ದು ಓಡಿತು.

ಸೆನ್ಸರಿಗೆ ಈ ಸಲ ಸರಿಯಾದ ಜಾಗ ಮಾಡಿದ್ದೇನೆ. ಕೆಗ್ಗಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಅಂಟಿಸಬೇಕು. ನಡುವಿನಲ್ಲಿ ಅಂಟಿಸಿದರೆ ಕೆಗ್ಗು ಅರ್ಧ ಖಾಲಿಯಾದ ದಿನ ಅದು ಬಿಯರನ್ನು ಬಿಟ್ಟು ಮೇಲಿನ ಗ್ಯಾಸನ್ನು ಅಳೆಯಲು ಶುರು ಮಾಡುತ್ತದೆ. ಸೆನ್ಸರಿನ ಮೇಲೆ ಅಂಗೈಯಗಲದ, ಎರಡು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ತುಂಡು, ಒಳಗೆ ಸೆನ್ಸರ್ ಕೂರಲು ಒಂದು ಗೀರು. ಅದರ ಸುತ್ತ ಬೆಲ್ಟಿನಂಥ ಅಗಲವಾದ ವೆಲ್ಕ್ರೋ ಪಟ್ಟಿ, ಕೆಗ್ಗಿನ ಸುತ್ತಲೂ. ಟೇಪು ತಂಪಿನಲ್ಲೂ ತೇವದಲ್ಲೂ ಬಿಟ್ಟುಕೊಳ್ಳುತ್ತದೆ, ಅದನ್ನು ಇನ್ನು ನಂಬುವುದಿಲ್ಲ. ಕಂಟ್ರೋಲರ್ 2 ಡಿಗ್ರಿಗೆ ನಿಲ್ಲುತ್ತದೆ, 3ಕ್ಕೆ ಎದ್ದೇಳುತ್ತದೆ, ನಡುವೆ ಕನಿಷ್ಠ 10 ನಿಮಿಷ ಕಾಯುತ್ತದೆ. ಹೊಸ ಲೆಕ್ಕ: ಮಧ್ಯಾಹ್ನದ ಬಿಸಿಯಲ್ಲಿ ಎರಡು ಗಂಟೆಗೆ ಒಂದು ಸಲ, ಹತ್ತಿರ ಹತ್ತಿರ 40 ನಿಮಿಷದ ಓಟ.

ಇದರಲ್ಲೂ ಒಂದು ಅಪಾಯ ಇದೆ, ಹೇಳಲೇಬೇಕು. ಹೊಸದಾಗಿ ತಂದ ಬೆಚ್ಚಗಿನ ಕೆಗ್ಗಿಗೆ ಸೆನ್ಸರ್ ಕಟ್ಟಬಾರದು. ಅದು 20ರಿಂದ 3ಕ್ಕೆ ಇಳಿಯುವವರೆಗೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಅಷ್ಟರಲ್ಲಿ ಸುತ್ತಲಿನ ಗಾಳಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗಿ, ಪಕ್ಕದ ಕೆಗ್ಗಿನ ಬಿಯರ್ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. ಸೆನ್ಸರ್ ಯಾವಾಗಲೂ ಆಗಲೇ ತಣ್ಣಗಿರುವ ಕೆಗ್ಗಿನ ಮೇಲೇ ಇರಲಿ. ಹೊಸದು ಎರಡು ದಿನ ನಿಧಾನಕ್ಕೆ ತಣ್ಣಗಾಗಲಿ.

ಇನ್ನೊಂದು ಕೆಲಸ ಬಹಳ ದಿನದಿಂದ ಬಾಕಿ ಇತ್ತು, ಅದನ್ನೂ ಮುಗಿಸಿದೆ. ಪೆಟ್ಟಿಗೆಯ ತಳದಲ್ಲಿ 1 ಡಿಗ್ರಿ, ನಲ್ಲಿಗಳ ಹತ್ತಿರ ಚೌಕಟ್ಟಿನಲ್ಲಿ 9 ಡಿಗ್ರಿ ಇರುತ್ತಿತ್ತು. ಮೊದಲ ಲೋಟ ಯಾವಾಗಲೂ ಅರ್ಧ ನೊರೆ. ಬಿಯರ್ ತಣ್ಣಗಿನ ಕೆಗ್ಗಿನಿಂದ ಬೆಚ್ಚಗಿನ ಪೈಪಿಗೆ ಬಂದಾಗ ಅದರೊಳಗೆ ಕರಗಿದ್ದ ಗ್ಯಾಸ್ ಹೊರಗೆ ಬಂದುಬಿಡುತ್ತದೆ. ಎಷ್ಟೋ ಜನ ಇದಕ್ಕೆ ಗ್ಯಾಸಿನ ಒತ್ತಡ ಇಳಿಸುತ್ತಾರೆ. ಆಗ ಮೊದಲ ಲೋಟ ಸರಿಯಾದ ಹಾಗೆ ಕಾಣುತ್ತದೆ, ವಾರ ಕಳೆಯುವಷ್ಟರಲ್ಲಿ ಇಡೀ ಕೆಗ್ಗು ಸಪ್ಪೆಯಾಗುತ್ತದೆ. ತಳದಲ್ಲಿ 12 ವೋಲ್ಟಿನ ಸಣ್ಣ ಕಂಪ್ಯೂಟರ್ ಫ್ಯಾನ್ ಇಟ್ಟು, ಅದಕ್ಕೆ ಒಂದು ಪೈಪು ಜೋಡಿಸಿ ತಣ್ಣನೆ ಗಾಳಿಯನ್ನು ನಲ್ಲಿಗಳ ಹಿಂಭಾಗಕ್ಕೆ ಊದಿಸಿದೆ. ಚೌಕಟ್ಟಿನ ಒಳಮೈಗೆ ಒಂದು ಇಂಚಿನ ಫೋಮ್ ಹಲಗೆ ಹಚ್ಚಿದೆ. ಈಗ ಮೇಲಕ್ಕೂ ಕೆಳಕ್ಕೂ ಒಂದೂವರೆ ಡಿಗ್ರಿ ವ್ಯತ್ಯಾಸ. ಫ್ಯಾನ್ ತಿನ್ನುವುದು ಎರಡೂವರೆ ವಾಟ್. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಫಲ ಕೊಟ್ಟ ಬೇರೆ ಭಾಗ ಈ ಡಬ್ಬಿಯಲ್ಲಿ ಇಲ್ಲ.

ಒತ್ತಡದ ಮಾತು ಬಂತಲ್ಲ. ನನ್ನ ಹೆಲ್ಲೆಸ್‌ಗೆ 2.5 ಪಟ್ಟು ಗ್ಯಾಸ್ ಬೇಕು, ಅಂದರೆ ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರ್ ಕಾರ್ಬನ್ ಡೈಆಕ್ಸೈಡ್ ಕರಗಿರಬೇಕು. 3 ಡಿಗ್ರಿಯಲ್ಲಿ ಅದಕ್ಕೆ 11 ಪಿಎಸ್‌ಐ (ಒತ್ತಡದ ಅಳತೆ) ಸಾಕು. 10 ಡಿಗ್ರಿಯಲ್ಲಿ 17ರಿಂದ 18 ಬೇಕು. 21 ಡಿಗ್ರಿಯಲ್ಲಿ ಸುಮಾರು 29. ಆ ಶನಿವಾರ 11.4 ಡಿಗ್ರಿಯಲ್ಲಿ ಕೆಗ್ಗಿನೊಳಗಿನ ಒತ್ತಡ 19ರ ಕಡೆಗೆ ಏರುತ್ತಿತ್ತು. ಆಗ ಕೈ ತುರಿಸುತ್ತದೆ, ಕವಾಟ ಎಳೆದು ಸ್ವಲ್ಪ ಗ್ಯಾಸ್ ಬಿಡೋಣ ಅಂತ. ಬಿಡಬಾರದು. ಕೆಗ್ಗು 130 ಪಿಎಸ್‌ಐ ತಡೆಯುತ್ತದೆ, ಹೆದರಿಕೆ ಬೇಡ. ಬಿಟ್ಟರೆ ಬಿಯರಿನೊಳಗಿನ ಗ್ಯಾಸೇ ಹೋಗುತ್ತದೆ. ಹಾಗೇ ಇಟ್ಟರೆ ತಣ್ಣಗಾದಾಗ ಮತ್ತೆ ಅದರೊಳಗೇ ಕರಗುತ್ತದೆ. ಗ್ಯಾಸ್ ಪೈಪಿನಲ್ಲಿ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಇದೆಯೇ ಅಂತ ಮಾತ್ರ ನೋಡಿಕೊಳ್ಳಿ. ಇಲ್ಲದಿದ್ದರೆ ಬಿಯರ್ ರೆಗ್ಯುಲೇಟರಿಗೆ ನುಗ್ಗುತ್ತದೆ.

ಗ್ಯಾಸಿನ ಬಗ್ಗೆ ಹಗೇವಿನ ಇನ್ನೊಂದು ಪಾಠವೂ ಇದೆ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ, ಮೊದಲು ದೀಪ ಇಳಿಸಿ ನೋಡು ಅನ್ನುತ್ತಿದ್ದರು. ಆ ಕೆಟ್ಟ ಗಾಳಿ ಹೆಚ್ಚಾಗಿ ಇದೇ ಕಾರ್ಬನ್ ಡೈಆಕ್ಸೈಡ್. ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಸಿಲಿಂಡರ್ ಸೋರಿದರೆ ಚೆಸ್ಟ್ ಫ್ರೀಜರ್ ಒಂದು ಪುಟ್ಟ ಹಗೇವೇ. ಇಲ್ಲಿ ದೀಪ ಹಚ್ಚುವ ಹಾಗಿಲ್ಲ. ಗ್ಯಾರೇಜ್ ಬಾಗಿಲು ತೆರೆದು, ಮುಚ್ಚಳ ಎತ್ತಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಬಗ್ಗುತ್ತೇನೆ. ನೇರ ತಲೆ ತೂರಿಸುವುದಿಲ್ಲ.

ಸರಿ, ಬಿಯರ್ ಉಳಿಯಿತೇ?

ಒಮ್ಮೆ ತಣ್ಣಗಾದ ಬಿಯರ್ ಬೆಚ್ಚಗಾಗಿ ಮತ್ತೆ ತಣ್ಣಗಾದರೆ ಕೆಟ್ಟೇ ಹೋಗುತ್ತದೆ ಅನ್ನುವ ಮಾತು ಎಲ್ಲ ಕಡೆ ಇದೆ. ಹಾಗೆ ಆದಾಗ ಬರುತ್ತದೆ ಅನ್ನುವ ಆ ಕೆಟ್ಟ ನಾತಕ್ಕೆ ತಂಪು ಬಿಸಿಯ ಸಂಬಂಧವೇ ಇಲ್ಲ. ಹಾಪ್ಸ್ ಎಂಬ ಹೂವು ಬಿಯರಿಗೆ ಕೊಡುವ ಕಹಿಯ ಮೇಲೆ ಬೆಳಕು ಬಿದ್ದಾಗ ಅದು ಆಗುವುದು. ಸ್ಟೀಲ್ ಕೆಗ್ಗಿನೊಳಗೆ ಬೆಳಕೇ ಇಲ್ಲ. ಬಿಸಿ ಮಾಡುವ ಕೆಡುಕು ಬೇರೆ: ಬಿಯರನ್ನು ಬೇಗ ಹಳತು ಮಾಡುತ್ತದೆ. ಬಿಯರ್ ವ್ಯಾಪಾರದವರಲ್ಲಿ ಒಂದು ಒರಟು ಲೆಕ್ಕ ಇದೆ, 3-30-300 ಅಂತ. 32 ಡಿಗ್ರಿಯಲ್ಲಿ 3 ದಿನ, 22ರಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರೂ ಒಂದೇ. ಅದರ ಪ್ರಕಾರ 12 ಡಿಗ್ರಿ ಹತ್ತಿರ ಬಿಯರ್ ಮೂರು ಪಟ್ಟು ಬೇಗ ಹಳತಾಗುತ್ತದೆ. ನನ್ನ ಕೆಗ್ಗುಗಳು ಅಲ್ಲಿಗೆ ಬಂದು ಕೆಲವು ಗಂಟೆ ಇದ್ದವು ಅಷ್ಟೇ. ಆಯಸ್ಸಿನಲ್ಲಿ ಒಂದೆರಡು ದಿನ ಹೋಗಿರಬಹುದು.

ಲೆಕ್ಕ ಒಂದು ಕಡೆ, ನಾಲಿಗೆ ಇನ್ನೊಂದು ಕಡೆ. ಮಾರ್ಚಿನ ಹೆಲ್ಲೆಸ್‌ನ ಎರಡು ಬಾಟಲಿ ಅಡುಗೆಮನೆಯ ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದೆ. ನನ್ನ ಗಂಡ ಬೇರೆ ಕೋಣೆಯಲ್ಲಿ ಬಾಟಲಿಯದನ್ನೂ ಕೆಗ್ಗಿನದನ್ನೂ ಮೂರು ಲೋಟಕ್ಕೆ ತುಂಬಿ ತಂದರು. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಅಂತ ನಾನು ಹೇಳಬೇಕು. ಆರು ಸಲ ಮಾಡಿದೆವು. ಎರಡು ಸಲ ಸರಿ ಹೇಳಿದೆ. ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತಿತ್ತು. ಅಂದರೆ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಆ ಸಂಜೆ ನಿಜವಾಗಿಯೂ ಸಂತೋಷವಾಯಿತು.

ಆದರೆ ಬಿಸಿ ಏನು ಮಾಡಬಲ್ಲದು ಅಂತ ನಾನು ಕಂಡಿದ್ದೇನೆ. ಹಿಂದಿನ ವರ್ಷ ಒಳಗೆ ಜಾಗ ಇಲ್ಲ ಅಂತ ಒಂದು ಕೆಗ್ ಪಿಲ್ಸ್‌ನರನ್ನು ಆಗಸ್ಟ್ ಪೂರ್ತಿ ಗ್ಯಾರೇಜಿನ ನೆಲದ ಮೇಲೆ ಬಿಟ್ಟಿದ್ದೆ. ತಣ್ಣಗೆ ಮಾಡಿ ಸುರಿದಾಗ ಬಣ್ಣ ಒಂದು ಸುತ್ತು ಕಪ್ಪಾಗಿತ್ತು. ಬಾಯಿಗಿಟ್ಟರೆ ಒದ್ದೆ ರಟ್ಟಿನ ರುಚಿ, ಹಿಂದೆ ಜೇನಿನಂಥ ಒಂದು ಮಂಕು ಸಿಹಿ. ಹಾಪ್ಸ್ ವಾಸನೆ ಹುಡುಕಿದರೂ ಇಲ್ಲ. ಆ ರಟ್ಟಿನ ರುಚಿಗೆ ಆಮ್ಲಜನಕವೂ ಕಾರಣ. ಆಗ ನಾನು ಕೆಗ್ಗನ್ನು ತೆರೆದು ಸುರಿದು ತುಂಬುತ್ತಿದ್ದೆ. ಈಗ ಕೆಗ್ಗಿನ ತುಂಬ ನೀರು ತುಂಬಿ, ಅದನ್ನು ಗ್ಯಾಸಿನಿಂದ ಹೊರತಳ್ಳಿ, ಗಾಳಿಯೇ ಇಲ್ಲದ ಕೆಗ್ಗಿಗೆ ಪೈಪಿನ ಮೂಲಕ ಬಿಯರ್ ತುಂಬುತ್ತೇನೆ. ಹಾಗೆ ತುಂಬಿದ ಕೆಗ್ಗು ಒಂದು ದಿನದ ಬಿಸಿಯನ್ನು ತಾಳಿಕೊಂಡಿತು.

ಚಳಿಯ ಕಥೆಯನ್ನೂ ಬರೆದಿಡುತ್ತೇನೆ, ಏಕೆಂದರೆ ಟೆಕ್ಸಾಸ್ ಅಂದರೆ ಬಿಸಿಲು ಮಾತ್ರ ಅಂತ ನಾನೂ ನಂಬಿದ್ದೆ. 2021ರ ಫೆಬ್ರವರಿ 16ರ ಬೆಳಿಗ್ಗೆ ಡಲ್ಲಾಸ್ ಸೊನ್ನೆಗಿಂತ 19 ಡಿಗ್ರಿ ಕೆಳಗೆ ಇಳಿಯಿತು. ರಾಜ್ಯದ ವಿದ್ಯುತ್ ಜಾಲ ಕುಸಿಯುವ ಹಂತಕ್ಕೆ ಬಂದು ಲಕ್ಷಾಂತರ ಮನೆಗಳಲ್ಲಿ ಕರೆಂಟ್ ಇರಲಿಲ್ಲ. ನಮ್ಮಲ್ಲಿಯೂ ಇರಲಿಲ್ಲ. ಆ ದಿನಗಳಲ್ಲಿ ಬಿಯರ್ ಯಾರಿಗೂ ನೆನಪಾಗಲಿಲ್ಲ, ಮಕ್ಕಳನ್ನು ಬೆಚ್ಚಗಿಡುವುದೇ ಕೆಲಸ. ಎಲ್ಲ ಮುಗಿದ ಮೇಲೆ ಗ್ಯಾರೇಜಿಗೆ ಹೋದೆ. ಶೇಕಡಾ 5 ಆಲ್ಕೋಹಾಲ್ ಇರುವ ಬಿಯರ್ ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಕೆಗ್ಗು ಅಲ್ಲಾಡಿಸಿದರೆ ಒಳಗೆ ಗೊಜ್ಜಿನಂತೆ ಮಂದವಾಗಿ ಏನೋ ಸರಿಯಿತು. ಕರಗಿದ ಮೇಲೆ ಅದರಲ್ಲಿ ಬಿಳಿ ಚೂರುಗಳು ತೇಲುತ್ತಿದ್ದವು, ಪ್ರೋಟೀನು ಹೆಪ್ಪುಗಟ್ಟಿ ಬೇರೆಯಾದದ್ದು. ರುಚಿಗೆ ಮೋಸ ಇರಲಿಲ್ಲ, ನೋಡಲು ಚೆನ್ನಾಗಿರಲಿಲ್ಲ.

ಅಂಥ ಚಳಿ ಬಾರದಿದ್ದರೂ ಜನವರಿಯ ಕೆಲವು ರಾತ್ರಿ ಗ್ಯಾರೇಜು ಸೊನ್ನೆಗೆ ಬರುತ್ತದೆ. ಫ್ರೀಜರಿಗೆ ತಣ್ಣಗೆ ಮಾಡುವುದು ಗೊತ್ತೇ ಹೊರತು ಬೆಚ್ಚಗೆ ಮಾಡುವುದು ಗೊತ್ತಿಲ್ಲ. ಆಮೇಲೆ ಎರಡು ಸಾಕೆಟ್ ಇರುವ ಕಂಟ್ರೋಲರ್ ತಂದೆ. ಒಂದಕ್ಕೆ ಫ್ರೀಜರ್, ಇನ್ನೊಂದಕ್ಕೆ ಸಸಿ ಮೊಳೆಯಿಸಲು ಬಳಸುವ 20 ವಾಟಿನ ಬಿಸಿ ಚಾಪೆ. ಪೆಟ್ಟಿಗೆಯ ಒಳಗೋಡೆಗೆ ಒರಗಿಸಿದ್ದೇನೆ. 0.5 ಡಿಗ್ರಿಗೆ ಇಳಿದರೆ ಚಾಪೆ ಬಿಸಿಯಾಗುತ್ತದೆ. ವರ್ಷಕ್ಕೆ ಹತ್ತು ರಾತ್ರಿ ಕೆಲಸ ಮಾಡಿದರೆ ಹೆಚ್ಚು.

ಈ ಸಲ ಕಲಿತು ಸೇರಿಸಿದ್ದು ಎಚ್ಚರಿಕೆಯ ಗಂಟೆ. ಕಂಟ್ರೋಲರಿಗೆ ಗಂಟೆ ಮೊದಲೇ ಇತ್ತು, ಆದರೆ ಅದು ಗ್ಯಾರೇಜಿನಲ್ಲಿ ಕೂಗಿದರೆ ಮಹಡಿಯ ಮೇಲೆ ಮಲಗಿದವರಿಗೆ ಕೇಳಿಸುವುದಿಲ್ಲ. ಈಗ ಬೇರೆಯೇ ಒಂದು ವೈಫೈ ಥರ್ಮಾಮೀಟರ್ ಎರಡನೇ ಕೆಗ್ಗಿನ ಮೈಗೆ ಕಟ್ಟಿದೆ. 6 ದಾಟಿದರೆ ಅಥವಾ 0 ಮುಟ್ಟಿದರೆ ಇಬ್ಬರ ಫೋನಿಗೂ ಸಂದೇಶ ಬರುತ್ತದೆ. ಕಂಟ್ರೋಲರಿನ ಸೆನ್ಸರ್ ಮತ್ತೆ ಕಿತ್ತು ಬಂದರೂ ಇದು ಸತ್ಯ ಹೇಳುತ್ತದೆ. ಗ್ಯಾರೇಜಿನ ಸಾಕೆಟ್ಟು ನೆಲಕ್ಕೆ ಕರೆಂಟ್ ಸೋರಿದರೆ ತಾನೇ ಕಡಿದುಕೊಳ್ಳುವಂಥದ್ದು, ಅದು ಕಡಿದುಕೊಂಡರೂ ಗೊತ್ತಾಗುತ್ತದೆ.

ಇಂದು ಆಗಸ್ಟ್ 4. ರಿಪೇರಿಯಾಗಿ ಮೂರು ವಾರ. ಗ್ಯಾರೇಜಿನಲ್ಲಿ 41 ಡಿಗ್ರಿ. ಮೊದಲ ಕೆಗ್ಗು 2.4, ಎರಡನೆಯದು 2.7, ಮೂರನೆಯದು 2.5. ಮಾಗುತ್ತಿದ್ದ ಹೆಲ್ಲೆಸ್‌ಗೆ ತಂಪಿನಲ್ಲಿ ಆರು ವಾರ ತುಂಬಿತು. ಮೊದಲ ಅರ್ಧ ಲೋಟ ತಳದ ಯೀಸ್ಟಿನಿಂದ ಮಬ್ಬಾಗಿತ್ತು, ಚೆಲ್ಲಿದೆ. ಎರಡನೆಯದರ ಆಚೆಗೆ ಕಿಟಕಿಯ ಸರಳು ಕಾಣುತ್ತಿತ್ತು. ಗಂಧಕದ ವಾಸನೆ ಪೂರ್ತಿ ಹೋಗಿದೆ, ಹೊಸ ರೊಟ್ಟಿಯ ಹಾಗೆ ಮಾಲ್ಟಿನ ಘಮ ಬರುತ್ತಿದೆ. ಚೌಕಟ್ಟಿನ ಬಲ ಮೂಲೆಯಲ್ಲಿ ಮಾತ್ರ ಇನ್ನೂ ನೀರಿನ ಹನಿ ಕೂರುತ್ತಿದೆ, ಅಲ್ಲಿ ರಬ್ಬರ್ ಪಟ್ಟಿ ಸರಿಯಾಗಿ ಕೂತಿಲ್ಲ. ಭಾನುವಾರ ಅದನ್ನು ಬಿಚ್ಚಿ, ಒರೆಸಿ, ಸಿಲಿಕೋನ್ ಹಾಕಬೇಕು.